ಹೆಲಿಕಾಪ್ಟರ್ ಹಾರಿಸುವ ಆಸೆಯೇ? ಲೇಸರ್‌ಗೆ ಮೊದಲು ಅಳತೆ ಮಾಡಿಸಿ

ಪುಣೆಯ ಕೊಥ್ರೂಡ್‌ನಲ್ಲಿ ನಮ್ಮ ಮನೆ. ಅಕ್ಕನ ಮಗ ನಮ್ಮ ಜೊತೆಗಿದ್ದು ಇಂಜಿನಿಯರಿಂಗ್ ಓದುತ್ತಾನೆ. ಹುಬ್ಬಳ್ಳಿಯಿಂದ ಬರುವಾಗಲೇ ವಾಯುಪಡೆಯ ಹೆಲಿಕಾಪ್ಟರ್ ಹಾರಿಸುವ ಹುಚ್ಚು ಹಚ್ಚಿಕೊಂಡು ಬಂದವನು. ಮೂಗಿನ ಮೇಲೆ ಮಾತ್ರ ಮೈನಸ್ 4ರ ಚಾಳೀಸು. ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದ.

“ಮಾಮಾ, ಚಾಳೀಸು ಬಿಡಿಸೋ ಲೇಸರ್ ಶನಿವಾರ ಮಾಡಿಸ್ಕೊಂಡು ಬಿಡ್ತೀನಿ. ಎರಡೂ ಕಣ್ಣಿಗೆ ಸೇರಿ ಆಫರ್ ಐತಿ.”

“ತಡಿಯಪ್ಪಾ, ನಿನಗ ಇಪ್ಪತ್ತು ಯಾವಾಗ ತುಂಬತಾವು?”

ಇನ್ನೂ ನಾಲ್ಕು ತಿಂಗಳಿತ್ತು. ಆ ಶನಿವಾರ ಮಾಡಿಸಿದ್ದರೆ ಕಣ್ಣು ಬಹುಶಃ ಚೆನ್ನಾಗಿಯೇ ಆಗುತ್ತಿತ್ತು. ವಾಯುಪಡೆಯ ಬಾಗಿಲು ಮಾತ್ರ ಮುಚ್ಚಿಹೋಗುತ್ತಿತ್ತು. 20 ತುಂಬುವ ಮೊದಲು ಮಾಡಿಸಿದ ಲೇಸರನ್ನು ಅವರು ಒಪ್ಪುವುದಿಲ್ಲ. ಕ್ಲಿನಿಕ್‌ನ ಜಾಹೀರಾತಿನಲ್ಲಿ ಇದು ಇರಲಿಲ್ಲ. ಅದು ಅವರ ಕೆಲಸವೂ ಅಲ್ಲ ಬಿಡಿ.

ಮೊದಲು ವಯಸ್ಸಿನ ಲೆಕ್ಕ ಹಾಕಿ. ಪುಣೆಯವರಿಗೆ ಸೇನೆ ಎಂದರೆ ಖಡಕ್‌ವಾಸ್ಲಾದ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಸೇರುವ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಲೇಸರ್‌ಗೆ 20 ಆಗಿರಬೇಕು. ಎರಡೂ ಕೂಡಿ ಬರುವುದೇ ಇಲ್ಲ. ಆದ್ದರಿಂದ ಪಿಯುಸಿ ಹುಡುಗರಿಗೆ ಲೇಸರ್ ದಾರಿಯೇ ಅಲ್ಲ. ಡಿಗ್ರಿ ಮುಗಿಸಿ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆಯುವವರಿಗೆ ದಾರಿಯುಂಟು. ಹಾರಾಟ ವಿಭಾಗಕ್ಕೆ 20ರಿಂದ 24 ವರ್ಷದೊಳಗಿರಬೇಕು. ಲೇಸರ್ ಆಗಿ 12 ತಿಂಗಳು ಕಳೆದಿರಬೇಕು. ಅಂದರೆ 20 ತುಂಬಿದ ಮೇಲೆ ಮಾಡಿಸಿ, 21 ದಾಟಿದ ಮೇಲೆ ವೈದ್ಯಕೀಯ ಪರೀಕ್ಷೆಗೆ ನಿಲ್ಲಬೇಕು. ಭೂಸೇನೆ ಮತ್ತು ನೌಕಾಪಡೆಯ ಪಟ್ಟಿಗಳು ಬೇರೆ. ಆ ವರ್ಷದ ಅಧಿಸೂಚನೆ ಓದದೆ ದುಡ್ಡು ಕಟ್ಟಬೇಡಿ. ಇಲ್ಲಿ ಕೊಟ್ಟ ಅಂಕಿಗಳೆಲ್ಲ ವಾಯುಪಡೆಯವು.

ಎರಡನೆಯದಾಗಿ, ಲೇಸರ್‌ನಿಂದ ಸರಿಹೋಗದ್ದನ್ನು ಮೊದಲೇ ನೋಡಿಕೊಳ್ಳಿ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪುಸ್ತಕ ಗೊತ್ತಲ್ವಾ? ಅದರಲ್ಲಿ ತಡವರಿಸಿದರೆ ಪೈಲಟ್ ಆಸೆ ಅಲ್ಲಿಗೇ ಮುಗಿಯಿತು. ಎತ್ತರ 162.5 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಕಾಲು ಎಷ್ಟು ಉದ್ದ ಇರಬೇಕು ಎಂಬುದಕ್ಕೂ ಅಳತೆ ಇದೆ. ಒಂದು ಟೇಪು, ಒಂದು ಪುಸ್ತಕದಲ್ಲಿ ಮುಗಿಯುವ ಕೆಲಸ ಇದು. ಇದನ್ನು ಬಿಟ್ಟು ಸಾವಿರಾರು ರೂಪಾಯಿ ಸುರಿದು ಕಣ್ಣು ಕೊರೆಸಿಕೊಂಡವರನ್ನು ನೋಡಿದ್ದೇನೆ.

ಈಗ ನಿಜವಾದ ಅಳತೆ. ನಿಮ್ಮ ಫೈಲಿನಲ್ಲಿ ನೋಡಬೇಕಾದ ಅಂಕಿ ಮೂರು: 6, 25.5, 450.

ಲೇಸರ್‌ಗೆ ಮೊದಲು ಪವರ್ 6 ಮೀರಿರಬಾರದು. ಇದು ಸುಲಭ.

25.5 ಮಿ.ಮೀ. ಎಂಬುದು ಕಣ್ಣುಗುಡ್ಡೆಯ ಉದ್ದ. ವೈದ್ಯರು ಆಕ್ಸಿಯಲ್ ಲೆಂಗ್ತ್ ಅನ್ನುತ್ತಾರೆ, ಐಒಎಲ್ ಮಾಸ್ಟರ್ ಎಂಬ ಯಂತ್ರದಲ್ಲಿ ಅಳೆಯುತ್ತಾರೆ. ಗಲ್ಲ ಇಟ್ಟು ಬೆಳಕು ನೋಡಿದರೆ ಸಾಕು, ನೋವಿಲ್ಲ. ಸಾಮಾನ್ಯ ಕಣ್ಣು ಸುಮಾರು 24 ಮಿ.ಮೀ. ಇರುತ್ತದೆ. ದೂರದ್ದು ಮಸುಕಾಗಿ ಕಾಣುವವರಲ್ಲಿ ಹೆಚ್ಚಿನವರ ಕಣ್ಣು ಉದ್ದವಾಗಿರುತ್ತದೆ. ಲೇಸರ್ ಕೊರೆಯುವುದು ಮುಂದಿನ ಗಾಜನ್ನು, ಅಂದರೆ ಕಾರ್ನಿಯಾವನ್ನು. ಗುಡ್ಡೆಯ ಉದ್ದ ಹಾಗೇ ಉಳಿಯುತ್ತದೆ, ಒಳಗೆ ಎಳೆದುಕೊಂಡು ತೆಳುವಾದ ರೆಟಿನಾ ಕೂಡ ಹಾಗೇ. ಚಾಳೀಸು ಹೋದರೂ ಕಣ್ಣು ಹಳೆಯದೇ ಎಂದು ಸೇನೆಯ ವೈದ್ಯರಿಗೆ ಗೊತ್ತು. ನಿಮ್ಮದು 25.8 ಬಂದರೆ ಎಷ್ಟು ಚೆಂದದ ಲೇಸರ್ ಆದರೂ ಪ್ರಯೋಜನವಿಲ್ಲ.

450 ಎಂಬುದು ಲೇಸರ್ ಆದ ಮೇಲೆ ಕಾರ್ನಿಯಾ ಎಷ್ಟು ದಪ್ಪ ಉಳಿದಿರಬೇಕು ಎಂಬ ಲೆಕ್ಕ, ಮೈಕ್ರಾನ್‌ಗಳಲ್ಲಿ. ಸಾಮಾನ್ಯವಾಗಿ ನಡುವೆ 540ರ ಆಸುಪಾಸು ಇರುತ್ತದೆ. 6.5 ಮಿ.ಮೀ. ಅಗಲಕ್ಕೆ ಕೊರೆದರೆ ಒಂದು ಪವರ್‌ಗೆ ಸುಮಾರು 14 ಮೈಕ್ರಾನ್ ಹೋಗುತ್ತದೆ. ನಮ್ಮ ಹುಡುಗನದು 536. ನಾಲ್ಕು ಪವರ್‌ಗೆ 56 ಹೋದರೆ 480. ಬಚಾವು. ಅವನ ಗೆಳೆಯನದು 505, ಪವರ್ ನಾಲ್ಕೂವರೆ. 63 ಕಳೆದರೆ ಉಳಿಯುವುದು 442. ಅವನಿಗೆ ಈ ಲೆಕ್ಕವನ್ನು ಮೊದಲು ಯಾರೂ ಹೇಳಿರಲಿಲ್ಲ. ಲೇಸರ್ ಆದ ಮೇಲೆ ನನ್ನ ಅಡುಗೆಮನೆ ಕಟ್ಟೆ ಮೇಲೆ ಕೂತು, ಹಾಲಿನ ಬಿಲ್ಲಿನ ಹಿಂಬದಿಯಲ್ಲಿ ಅವನೇ ಕಳೆದು ನೋಡಿದ. ಎರಡು ಸಲ ಕಳೆದ.

ಇದರ ಜೊತೆಗೆ ಕಾರ್ನಿಯಾದ ಉಬ್ಬುತಗ್ಗಿನ ನಕ್ಷೆ ತೆಗೆಯುವ ಟೋಪೊಗ್ರಫಿ, ಕಣ್ಣೀರಿನ ಪರೀಕ್ಷೆ, ಪಾಪೆ ಹಿಗ್ಗಿಸಿ ರೆಟಿನಾ ನೋಡುವುದು, ಇವೆಲ್ಲ ಇವೆ. ಒಳ್ಳೆಯ ವೈದ್ಯರು ಬಿಡದೆ ಮಾಡಿಸುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಒಂದೆರಡು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಅಳತೆಯೇ ತಪ್ಪು ಬರುತ್ತದೆ. ಒಂದು ವರ್ಷದಿಂದ ಪವರ್ ಬದಲಾಗಿರಬಾರದು.

ಇನ್ನು ಯಾವ ಲೇಸರ್? ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗೆ ಕೊರೆದು, ಮತ್ತೆ ಮುಚ್ಚುತ್ತಾರೆ. ಮರುದಿನವೇ ಲಕಲಕ ಕಾಣುತ್ತದೆ. ಆದರೆ ಆ ಮುಚ್ಚಳ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಅಂಟುವುದಿಲ್ಲ. ಪಿಆರ್‌ಕೆಯಲ್ಲಿ ಮುಚ್ಚಳವಿಲ್ಲ. ಮೇಲಿನ ತೆಳು ಚರ್ಮ ಕೆರೆದು ನೇರವಾಗಿ ಕೊರೆಯುತ್ತಾರೆ, ಚರ್ಮ ತಾನೇ ಬೆಳೆಯುತ್ತದೆ. ಅಮೆರಿಕದ ನೌಕಾಪಡೆ 1990ರ ದಶಕದಲ್ಲಿ ಲೇಸರ್ ಪರೀಕ್ಷಿಸಲು ಶುರುಮಾಡಿದ್ದೂ ಪಿಆರ್‌ಕೆಯಿಂದಲೇ. ನಮ್ಮ ವಾಯುಪಡೆ ಎರಡನ್ನೂ ಒಪ್ಪುತ್ತದೆ. ಬ್ಲೇಡಿನಿಂದ ಗೀರು ಹಾಕುವ ಹಳೆಯ ಆರ್‌ಕೆಯನ್ನು ಮಾತ್ರ ಸುತಾರಾಂ ಒಪ್ಪುವುದಿಲ್ಲ. 1996ರಲ್ಲಿ ಎವರೆಸ್ಟ್ ಹತ್ತುತ್ತಿದ್ದ ಬೆಕ್ ವೆದರ್ಸ್‌ಗೆ ಆರ್‌ಕೆ ಆಗಿತ್ತು. ಮೇಲೆ ಹೋದಂತೆ ದಾರಿಯೇ ಕಾಣದಾಯಿತು. ಸಿಯಾಚಿನ್‌ಗೆ ಚೀತಾ ಹೆಲಿಕಾಪ್ಟರ್ ಒಯ್ಯುವವನ ಕಣ್ಣು ಹಾಗಾದರೆ?

ನನ್ನನ್ನು ಕೇಳಿದರೆ ಹೆಲಿಕಾಪ್ಟರ್‌ಗೆ ಪಿಆರ್‌ಕೆಯೇ ವಾಸಿ. ಧೂಳು, ಗಾಳಿ, ಹೆಲ್ಮೆಟ್, ಅಲುಗಾಟ. ಅಲ್ಲಿ ಮುಚ್ಚಳದ ಚಿಂತೆ ಯಾಕೆ ಬೇಕು? ಹುಡುಗನೂ ಅದನ್ನೇ ಮಾಡಿಸಿದ, 20 ತುಂಬಿ ಹನ್ನೊಂದು ದಿನಕ್ಕೆ. ಕಣ್ಣಿಗೆ ಮರಗಟ್ಟುವ ಹನಿ, ರೆಪ್ಪೆಗೆ ಕ್ಲಿಪ್ಪು, ದಿಟ್ಟಿಸಲು ಮಿಣುಕುವ ಒಂದು ದೀಪ. ಕೂದಲು ಸುಟ್ಟ ವಾಸನೆ ಬಂತಂತೆ. ಲೇಸರ್ ಕಣ್ಣಿಗೆ ಬಿದ್ದದ್ದು ನಿಮಿಷದೊಳಗೆ. ಆಮೇಲೆ ಮೂರು ದಿನ ಬ್ಯಾಡಗಿ ಖಾರಪುಡಿ ಬಿದ್ದವರ ಹಾಗೆ ಕತ್ತಲೆ ಕೋಣೆಯಲ್ಲಿ ಹೊರಳಾಡಿದ. ಐದನೇ ದಿನ ಬ್ಯಾಂಡೇಜ್ ಲೆನ್ಸ್ ತೆಗೆದರು. ಪೂರ್ತಿ ತಿಳಿಯಾಗಿ ಕಾಣಲು ವಾರಗಳೇ ಹಿಡಿದವು. ಕಣ್ಣು ಉಜ್ಜುವಂತಿಲ್ಲ, ಈಜುವಂತಿಲ್ಲ, ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಹೋಗುವಂತಿಲ್ಲ. ಬಿಸಿಲು ಬಿದ್ದರೆ ಕಾರ್ನಿಯಾದಲ್ಲಿ ಮಂಜು ಕಟ್ಟುವ ಭಯವಿದೆ.

ರಾತ್ರಿಯ ನೋಟವನ್ನು ಬೇರೆಯಾಗಿಯೇ ಗಮನಿಸಿ. ಮೊದಮೊದಲು ಕರ್ವೆ ರೋಡಿನ ಪ್ರತಿ ಹೆಡ್‌ಲೈಟಿನ ಸುತ್ತ ಬಳೆ ಕಾಣುತ್ತಿತ್ತು ಅವನಿಗೆ. ತಿಂಗಳುಗಳಲ್ಲಿ ಕಡಿಮೆಯಾಯಿತು. ಕಡಿಮೆಯಾಗದಿದ್ದರೆ ವೈದ್ಯರಿಗೆ ಹೇಳಬೇಕು, ಮುಚ್ಚಿಡಬಾರದು. ಕತ್ತಲಲ್ಲಿ ನೈಟ್ ವಿಷನ್ ಗಾಗಲ್ ಹಾಕಿ ಇಳಿಯುವ ಕೆಲಸ ಅದು.

ಕಾಗದಪತ್ರ ಜೋಪಾನ. ಲೇಸರ್ ಮಾಡಿದ ದಿನಾಂಕ, ವಿಧಾನ, ಮೊದಲಿನ ಪವರ್, ಹಿಂದಿನ ಮತ್ತು ಈಗಿನ ದಪ್ಪ, ಇವೆಲ್ಲ ವೈದ್ಯರ ಸಹಿಯೊಂದಿಗೆ ಇರಲಿ. ವಾಯುಪಡೆಯ ಆಯ್ಕೆ ಮಂಡಳಿಯ (ಎಎಫ್‌ಎಸ್‌ಬಿ) ಸಂದರ್ಶನಕ್ಕೆ ಮೈಸೂರು, ವೈದ್ಯಕೀಯಕ್ಕೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಸಿಕ್ಕರೆ ನಮ್ಮವರಿಗೆ ಊರಿಗೆ ಹೋದಷ್ಟೇ ಖುಷಿ. ಆದರೆ ನಡುವೆ ಸಿಪಿಎಸ್‌ಎಸ್ ಎಂಬ ಪೈಲಟ್ ಪರೀಕ್ಷೆ ಇದೆ. ಅದು ಜೀವಮಾನಕ್ಕೆ ಒಂದೇ ಸಲ. ಅದರಲ್ಲಿ ಪಾಸಾದರೂ ಹೆಲಿಕಾಪ್ಟರೇ ಸಿಗುತ್ತದೆ ಎಂದಿಲ್ಲ. ಫೈಟರೋ, ಸರಕು ವಿಮಾನವೋ, ಹೆಲಿಕಾಪ್ಟರೋ ಎಂಬುದು ತರಬೇತಿಯಲ್ಲಿ ತೀರ್ಮಾನವಾಗುತ್ತದೆ.

ಹುಡುಗನಿಗೆ ಲೇಸರ್ ಆಗಿ ಈಗ ಎಂಟು ತಿಂಗಳು. ಕಳೆದ ವಾರ ಅಳೆಸಿದಾಗ 478 ಬಂತು. ಆ ಚೀಟಿ ಫ್ರಿಜ್ ಬಾಗಿಲಿಗೆ ಅಂಟಿದೆ, ಪಕ್ಕದಲ್ಲೇ ಹಾಲಿನ ಬಿಲ್ಲು.