ಓವನ್ ಬೇಡ, ದಪ್ಪ ತಳದ ಡಬರಿ ಸಾಕು: ದೀಪಾವಳಿಗೆ ಒಂದು ಕೆಜಿ ನಾನ್‌ಖಟಾಯಿ

ದೀಪಾವಳಿ ಹತ್ತಿರ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ ಮೂರಕ್ಕೂ ಒಟ್ಟಿಗೇ ಬಾಣಲೆ ಏರುತ್ತದೆ. ಹಬ್ಬದ ಕಿರಾಣಿ ಚೀಟಿ ಉದ್ದವಾಗುವುದು ಹಿಟ್ಟು, ಸಕ್ಕರೆಯಿಂದಲ್ಲ, ಕರಿಯುವ ಎಣ್ಣೆಯಿಂದ. ಮೂರರಲ್ಲಿ ಒಂದನ್ನು ಕರಿಯುವ ಬದಲು ಬೇಯಿಸಿಬಿಟ್ಟರೆ ಎಣ್ಣೆಯ ಖರ್ಚೂ ಇಳಿಯುತ್ತದೆ, ಒಲೆ ಮುಂದೆ ನಿಲ್ಲುವ ಹೊತ್ತೂ ಇಳಿಯುತ್ತದೆ. ಅದಕ್ಕೆ ನಾನ್‌ಖಟಾಯಿಯೇ ಸರಿ. ಮೊಟ್ಟೆ ಬೇಡ, ಹಾಲು ಬೇಡ, ಅಚ್ಚು ಬೇಡ, ಓವನ್ ಬೇಡ.

ಕರಿಯುವುದನ್ನು ಪೂರ್ತಿ ಬಿಡಬೇಕೆಂದೇನಿಲ್ಲ. ಕರಿಯುವುದಾದರೆ ಶಂಕರಪಾಳಿ ಮೊದಲು, ಕರ್ಚಿಕಾಯಿ ಆಮೇಲೆ, ಚಕ್ಕಲಿ ಕೊನೆಗೆ. ಖಾರ, ಅಜವಾನದ ವಾಸನೆ ಹಿಡಿದ ಎಣ್ಣೆಯಲ್ಲಿ ಸಿಹಿ ಕರಿದರೆ ಎರಡೂ ಕೆಡುತ್ತವೆ. ಉಳಿದ ಎಣ್ಣೆಯನ್ನು ಸೋಸಿ ಮಂಡಕ್ಕಿ ಒಗ್ಗರಣೆಗೆ ಮುಗಿಸಿ.

ಚೀಟಿ

ಮೈದಾ 350 ಗ್ರಾಂ, ಕಡಲೆ ಹಿಟ್ಟು 100 ಗ್ರಾಂ, ಚಿರೋಟಿ ರವೆ 50 ಗ್ರಾಂ, ಸಕ್ಕರೆ 250 ಗ್ರಾಂ, ತುಪ್ಪ 300 ಗ್ರಾಂ, ಅಡುಗೆ ಸೋಡಾ ಅರ್ಧ ಚಹಾ ಚಮಚ, ಬೇಕಿಂಗ್ ಪೌಡರ್ ಒಂದು ಚಹಾ ಚಮಚ, ಒಂದು ಚಿಟಿಕೆ ಉಪ್ಪು, ಎಂಟು ಯಾಲಕ್ಕಿ. ಕಲಸಿದಾಗ ಕೆಜಿಗಿಂತ ತುಸು ಹೆಚ್ಚು ತೂಗುತ್ತದೆ. 20 ಗ್ರಾಮಿನ ಉಂಡೆ ಕಟ್ಟಿದರೆ ಸುಮಾರು ಐವತ್ತು ಆಗುತ್ತವೆ, ಬೆಂದ ಮೇಲೆ ಹತ್ತಿರ ಹತ್ತಿರ ಒಂದು ಕೆಜಿ.

ಮನೆಯಲ್ಲಿ ತಕ್ಕಡಿ ಇಲ್ಲದವರು ಲೋಟದಲ್ಲಿ ಅಳೆದು ಕೆಡಿಸಿಕೊಳ್ಳುತ್ತಾರೆ. 200 ಮಿ.ಲೀ. ಲೋಟದಲ್ಲಿ ಸಕ್ಕರೆ ಸುಮಾರು 170 ಗ್ರಾಂ ಹಿಡಿಸಿದರೆ, ಅದೇ ಲೋಟದಲ್ಲಿ ಸಕ್ಕರೆ ಪುಡಿ 100–110 ಗ್ರಾಂ ಅಷ್ಟೇ. 'ಒಂದು ಲೋಟ ಸಕ್ಕರೆ' ಎಂದು ಕೇಳಿ ಬಂದು ಕೆಲವರು ಪುಡಿ ಅಳೆಯುತ್ತಾರೆ, ಕೆಲವರು ಕಾಳು ಅಳೆಯುತ್ತಾರೆ. ಒಬ್ಬರದು ಸಪ್ಪೆ, ಇನ್ನೊಬ್ಬರದು ತಟ್ಟೆಯ ತುಂಬ ಹರಡಿದ ಕಲ್ಲು. ಇದಕ್ಕೆ ಪೈಸೆ ಖರ್ಚಿಲ್ಲದ ಉಪಾಯವೊಂದಿದೆ. ಕಿರಾಣಿ ಅಂಗಡಿಯವರಿಗೆ ಮೈದಾ 350, ಕಡಲೆ ಹಿಟ್ಟು 100, ಸಕ್ಕರೆ ಕಾಲು ಕೆಜಿ ಎಂದು ಲೆಕ್ಕ ಹೇಳಿ ಬೇರೆ ಬೇರೆ ಪೊಟ್ಟಣ ಕಟ್ಟಿಸಿ. ತೂಕವೂ ಸರಿ, ಮನೆಯಲ್ಲಿ ಅರ್ಧ ಕೆಜಿ ಮೈದಾ ಉಳಿದು ಹುಳ ಹಿಡಿಯುವುದೂ ಇಲ್ಲ.

ಸಕ್ಕರೆಯನ್ನು ಅವತ್ತೇ ಪುಡಿ ಮಾಡಿ, ಜರಡಿ ಹಿಡಿಯಿರಿ. ಅಂಗಡಿಯ ಪುಡಿ ಸಕ್ಕರೆ ಬೇಡ, ಗಂಟು ಕಟ್ಟದಿರಲೆಂದು ಅದಕ್ಕೆ ಪಿಷ್ಟ ಸೇರಿಸಿರುವುದುಂಟು, ಬೆಲೆಯೂ ಜಾಸ್ತಿ.

ಬೇಕಿಂಗ್ ಪೌಡರ್ ಕಳೆದ ವರ್ಷದ್ದಿದ್ದರೆ ಅರ್ಧ ಚಮಚವನ್ನು ಬಿಸಿ ನೀರಿಗೆ ಹಾಕಿ ನೋಡಿ. ಭುಸ್ಸೆಂದು ನೊರೆ ಏಳದಿದ್ದರೆ ಬಚ್ಚಲಿಗೆ ಚೆಲ್ಲಿ. ಸೋಡಾಕ್ಕೆ ಇದೇ ಪರೀಕ್ಷೆ ನಿಂಬೆರಸದಲ್ಲಿ.

ಮೇಲಿಡಲು ಗೋಡಂಬಿ, ಪಿಸ್ತಾ ಯಾಕೆ? ಹಸಿರು ಬಣ್ಣ ಹಾಕಿದ ಶೇಂಗಾ ಚೂರನ್ನೇ ಪಿಸ್ತಾ ಎಂದು ಮಾರುವುದುಂಟು. ಶೇಂಗಾವನ್ನು ಶೇಂಗಾ ಎಂದೇ ಕೊಳ್ಳುವುದು ಮೇಲು. ದೀಪಾವಳಿ ಹೊತ್ತಿಗೆ ನಮ್ಮ ಕಡೆ ಮುಂಗಾರಿನ ಹೊಸ ಶೇಂಗಾ ಬಂದಿರುತ್ತದೆ. ಹೊಸತರಲ್ಲಿ ಹಸಿ ಇರುವುದರಿಂದ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಹುರಿದು, ಸಿಪ್ಪೆ ಊದಿ, ಬೇಳೆ ಮಾಡಿ ಇಟ್ಟುಕೊಳ್ಳಿ.

ತುಪ್ಪವೋ, ಡಾಲ್ಡಾವೋ

ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರಿರುತ್ತದೆ. ಆ ನೀರು ಮೈದಾಕ್ಕೆ ಜಿಗುಟು ತರುತ್ತದೆ, ಬಾಯಲ್ಲಿ ಕರಗುವ ಪುಡಿತನ ಹೋಗುತ್ತದೆ. ಎಣ್ಣೆ ಗಾಳಿ ಹಿಡಿಯುವುದಿಲ್ಲ, ಉಂಡೆ ಕುಸಿಯುತ್ತದೆ. ಹಾಗಾಗಿ ತುಪ್ಪ ಅಥವಾ ವನಸ್ಪತಿ. ವನಸ್ಪತಿಯಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಎಂಬ ಕೊಬ್ಬು ನೂರಕ್ಕೆ 2ನ್ನು ಮೀರಬಾರದೆಂಬ ನಿಯಮ 2022ರಿಂದ ಇದೆ. ಆದರೂ ಅದು ಬಾಯಿಯ ಬಿಸಿಗೆ ಪೂರ್ತಿ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟುತ್ತದೆ. ಪೂರ್ತಿ ತುಪ್ಪ ಕೈಗೆಟುಕದಿದ್ದರೆ 200 ಗ್ರಾಂ ತುಪ್ಪಕ್ಕೆ 100 ಗ್ರಾಂ ವನಸ್ಪತಿ ಸೇರಿಸಿ. ಅದಕ್ಕಿಂತ ಹೆಚ್ಚು ಬೇಡ. ಪೂರ್ತಿ ಡಾಲ್ಡಾ ಹಾಕಿ ತುಪ್ಪದ ಎಸೆನ್ಸ್ ಸುರಿಯುವುದಕ್ಕಿಂತ ಅರ್ಧ ಕೆಜಿ ಮಾಡಿ ಚೆನ್ನಾಗಿ ತಿನ್ನುವುದು ಲೇಸು.

ಎಲ್ಲರೂ ಎಡವುವುದು ಇಲ್ಲಿ

ಅಕ್ಟೋಬರ್, ನವೆಂಬರ್ ಬಂದರೂ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಸೆಕೆ ಇಳಿದಿರುವುದಿಲ್ಲ. ಡಬ್ಬಿಯಲ್ಲಿ ತುಪ್ಪ ಮೇಲೆ ನೀರು, ಕೆಳಗೆ ಹರಳು. ಆ ತಿಳಿ ತುಪ್ಪವನ್ನು ಹಾಗೆಯೇ ಹಿಟ್ಟಿಗೆ ಸುರಿದರೆ ಕಲಸುವುದು ಸಲೀಸು, ಉಂಡೆಯೂ ನುಣ್ಣಗೆ ಬರುತ್ತದೆ. ಒಲೆ ಮೇಲಿಟ್ಟ ಐದು ನಿಮಿಷಕ್ಕೆ ಎಲ್ಲ ಉಂಡೆ ಒಂದಕ್ಕೊಂದು ಅಂಟಿ ರೊಟ್ಟಿಯಾಗುತ್ತದೆ. ತಂಪು ಊರಿನವರು ಹೇಳಿಕೊಟ್ಟ ಅಳತೆ ರಾಯಚೂರಿನಲ್ಲಿ ಕೈಕೊಡುವುದು ಈ ಕಾರಣಕ್ಕೇ. ಅಳತೆಯಲ್ಲಿ ತಪ್ಪಿರುವುದಿಲ್ಲ, ತುಪ್ಪದ ಹದ ತಪ್ಪಿರುತ್ತದೆ.

ಆದ್ದರಿಂದ ಈ ಕೆಲಸ ನಸುಕಿನಲ್ಲಿ, ಐದೂವರೆ ಆರಕ್ಕೆ. ತುಪ್ಪವನ್ನು ಅಗಲ ಬಾಯಿಯ ಪಾತ್ರೆಗೆ ತೂಗಿ ಹಾಕಿ, 20 ಗ್ರಾಂ ಬೇರೆ ತೆಗೆದಿಡಿ. ಫ್ರಿಜ್ ಇದ್ದರೆ ಪಾತ್ರೆಯನ್ನು ಹದಿನೈದು ನಿಮಿಷ ಒಳಗಿಡಿ. ಇಲ್ಲದಿದ್ದರೆ ದೊಡ್ಡ ಪರಾತದಲ್ಲಿ ಮಣ್ಣಿನ ಗಡಿಗೆಯ ತಣ್ಣೀರು ಹಾಕಿ, ಅದರಲ್ಲಿ ಪಾತ್ರೆ ಕೂರಿಸಿ, ಆಗಾಗ ಕೈಯಾಡಿಸುತ್ತ ಗಟ್ಟಿಯಾಗಿಸಿ. ಒಂದು ಹನಿ ನೀರೂ ಒಳಗೆ ಸಿಡಿಯಬಾರದು. ಬೇಕಾದ ಹದವೆಂದರೆ, ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲಬೇಕು. ಹರಿಯಬಾರದು, ಕಲ್ಲಿನಂತೆ ಎದುರು ನಿಲ್ಲಲೂಬಾರದು.

ಈಗ ಅಂಗೈಯಿಂದ ತಿಕ್ಕಿ ನಾದಿ, ಎಂಟು ಹತ್ತು ನಿಮಿಷ. ಒಂದೇ ದಿಕ್ಕಿಗೆ ತಿರುಗಿಸಬೇಕು ಎನ್ನುವವರಿದ್ದಾರೆ. ಅದರಲ್ಲೇನೂ ಇಲ್ಲ, ಹೇಗೆ ತಿರುವಿದರೂ ಗಾಳಿ ಸೇರಬೇಕು ಅಷ್ಟೇ. ಹಳದಿ ಬಣ್ಣ ಕಳೆದು ಬಿಳಿಚಿದಾಗ ಸಕ್ಕರೆ ಪುಡಿಯನ್ನು ಮೂರು ಸಲಕ್ಕೆ ಹಾಕಿ ಇನ್ನೂ ಐದು ನಿಮಿಷ ನಾದಿ. ಒಂದು ಚೂರನ್ನು ನೀರಿನ ಲೋಟಕ್ಕೆ ಬಿಡಿ. ಹತ್ತಿಯಂತೆ ತೇಲಿ ಚದುರದೆ ನಿಂತರೆ ಹದ ಬಂತು. ಕೈ ಬಿಸಿ ಇರುವವರಿಗೆ ನಡುವೆ ತುಪ್ಪ ಕರಗಿ ಹೊಳೆಯತೊಡಗುತ್ತದೆ. ಕರಗಿತೆಂದರೆ ನಿಲ್ಲಿಸಿ, ಮತ್ತೆ ಐದು ನಿಮಿಷ ತಣ್ಣೀರಲ್ಲಿಡಿ. ಹಟ ಹಿಡಿದು ನಾದುತ್ತ ಹೋದರೆ ಸೇರಿದ ಗಾಳಿಯೆಲ್ಲ ಹೋಗುತ್ತದೆ.

ಮೈದಾ, ಕಡಲೆ ಹಿಟ್ಟು, ಸೋಡಾ, ಬೇಕಿಂಗ್ ಪೌಡರ್, ಉಪ್ಪನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿದು, ರವೆ, ಯಾಲಕ್ಕಿ ಪುಡಿ ಸೇರಿಸಿ ತುಪ್ಪಕ್ಕೆ ಹಾಕಿ. ಇಲ್ಲಿಂದ ಮುಂದೆ ನಾದುವಂತಿಲ್ಲ. ಚಪಾತಿ ಹಿಟ್ಟಿನ ಅಭ್ಯಾಸ ಇರುವ ಕೈ ಸುಮ್ಮನಿರುವುದಿಲ್ಲ, ಆದರೂ ಬೆರಳ ತುದಿಯಲ್ಲಿ ಕೂಡಿಸಿ ಬಿಟ್ಟುಬಿಡಿ. ಹಿಟ್ಟು ಉದುರುದುರು ಇದೆಯೆಂದು ಹಾಲು ಚಿಮುಕಿಸಿದಿರೋ, ಆಗುವುದು ಗಟ್ಟಿ ಬಿಸ್ಕತ್ತು, ನಾನ್‌ಖಟಾಯಿಯಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಒಡೆದುಹೋದರೆ ತೆಗೆದಿಟ್ಟ ತುಪ್ಪವನ್ನು ಚಮಚ ಚಮಚವಾಗಿ ಸೇರಿಸಿ. ಕೈಗೆ ಅಂಟಿದರೆ ಹಿಟ್ಟು ಸುರಿಯಬೇಡಿ, ಹದಿನೈದು ನಿಮಿಷ ತಂಪಿಗಿಡಿ.

ನಿಂಬೆಕಾಯಿಗಿಂತ ಚಿಕ್ಕ ಉಂಡೆ ಕಟ್ಟಿ, ತುಸು ಒತ್ತಿ, ನಡುವೆ ಶೇಂಗಾ ಬೇಳೆ ಅದುಮಿ.

ಜೋಳದ ಹಿಟ್ಟಿನದು ಬೇಕೆಂದರೆ ಮೈದಾ 200, ಜೋಳದ ಹಿಟ್ಟು 150. ಅದನ್ನು ಮೀರಿದರೆ ಬೆಂದ ಮೇಲೆ ಎತ್ತುವಾಗಲೇ ಪುಡಿಯಾಗುತ್ತದೆ, ಜೋಳಕ್ಕೆ ಹಿಡಿದಿಡುವ ಜಿಗುಟಿಲ್ಲ. ಹಿಟ್ಟು ಹೊಸದಾಗಿ ಗಿರಣಿ ಹಾಕಿಸಿದ್ದೇ ಆಗಬೇಕು, ಹಳತಾದದ್ದು ಕಹಿ ಬರುತ್ತದೆ. ಹಸಿ ವಾಸನೆ ಹೋಗುವಷ್ಟು ಹುರಿದು, ಪೂರ್ತಿ ಆರಿಸಿ ಬಳಸಿ.

ಡಬರಿ ಮತ್ತು ಉರಿ

ದಿನಾ ಅನ್ನಕ್ಕಿಡುವ ಕುಕ್ಕರನ್ನು ಇದಕ್ಕೆ ಬಲಿ ಕೊಡಬೇಡಿ. ನೀರಿಲ್ಲದೆ ಗಂಟೆಗಟ್ಟಲೆ ಕಾದರೆ ತಳ ಸೊಟ್ಟಗಾಗುತ್ತದೆ, ಆಮೇಲೆ ಒತ್ತಡಕ್ಕೆ ನಂಬುವಂತಿಲ್ಲ. ಹಳೆಯದಾಗಿ ಮೂಲೆ ಸೇರಿದ ಕುಕ್ಕರಿದ್ದರೆ ರಬ್ಬರು, ಸೀಟಿ ಎರಡನ್ನೂ ತೆಗೆದು ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು ದಪ್ಪ ತಳದ ಅಲ್ಯುಮಿನಿಯಂ ಡಬರಿ. ತೆಳು ಸ್ಟೀಲ್ ಪಾತ್ರೆ ಬೇಡವೇ ಬೇಡ, ತಳ ಸೀದು ಮೇಲೆ ಹಸಿಯಾಗುವುದು ಅದರಿಂದಲೇ.

ತಳಕ್ಕೆ ಒಂದು ಕೆಜಿ ಹರಳುಪ್ಪು ಹರಡಿ. ಅದೇ ಉಪ್ಪನ್ನು ಡಬ್ಬಿಗೆ ತುಂಬಿಟ್ಟುಕೊಂಡರೆ ವರ್ಷಗಟ್ಟಲೆ ಇದೇ ಕೆಲಸಕ್ಕೆ ಬರುತ್ತದೆ, ಅಡುಗೆಗೆ ಮಾತ್ರ ಬೇಡ. ಉಪ್ಪಿನ ಮೇಲೆ ಎರಡು ಬೆರಳೆತ್ತರದ ಸ್ಟ್ಯಾಂಡ್ ಇಡಿ, ಮಗುಚಿದ ಸ್ಟೀಲ್ ಬಟ್ಟಲೂ ಆದೀತು. ತಟ್ಟೆ ಡಬರಿಗಿಂತ ಸುತ್ತಲೂ ಒಂದು ಬೆರಳಾದರೂ ಚಿಕ್ಕದಿರಲಿ, ಬಿಸಿ ಗಾಳಿ ಮೇಲೇರಲು ಜಾಗ ಬೇಕು. ಬಟರ್ ಪೇಪರ್ ಖರ್ಚು ಬೇಡ, ಇಷ್ಟು ತುಪ್ಪವಿರುವ ಹಿಟ್ಟು ಅಂಟುವುದಿಲ್ಲ.

ಮುಚ್ಚಳ ಹಾಕಿ ನಡು ಉರಿಯಲ್ಲಿ ಹದಿನೈದು ನಿಮಿಷ ಕಾಯಿಸಿ. ಕಾದಿದೆಯೋ ಇಲ್ಲವೋ ತಿಳಿಯಲು ಚಿಕ್ಕ ತಟ್ಟೆಯಲ್ಲಿ ಒಂದು ಚಮಚ ಮೈದಾ ಹರಡಿ ಒಳಗಿಟ್ಟು ಐದು ನಿಮಿಷ ಬಿಟ್ಟು ನೋಡಿ. ತಿಳಿ ಕಂದಾದರೆ ಸರಿ. ಬಿಳಿಯೇ ಇದ್ದರೆ ಇನ್ನೂ ಕಾಯಬೇಕು. ಕರಕಲಾದರೆ ಉರಿ ಇಳಿಸಿ, ಮುಚ್ಚಳ ತೆಗೆದು ಎರಡು ನಿಮಿಷ ಬಿಡಿ.

ಎರಡೆರಡು ಬೆರಳು ಅಂತರ ಬಿಟ್ಟು ಎಂಟೋ ಒಂಬತ್ತೋ ಉಂಡೆ ಇಟ್ಟು, ಉರಿ ಸಣ್ಣದು ಮಾಡಿ ಮುಚ್ಚಿ. ಮೊದಲ ಹದಿನೈದು ನಿಮಿಷ ಮುಚ್ಚಳ ಎತ್ತಿ ಇಣುಕಬೇಡಿ. ಆಮೇಲೆ ಮುಚ್ಚಳದ ಅಂಚಿಗೆ ಚಮಚದ ಹಿಡಿ ಸಿಕ್ಕಿಸಿ ಸಂದು ಮಾಡಿ, ಆವಿ ಹೋದರೆ ಮೇಲೆ ಒಣಗಿ ಬಿರುಕು ಬಿಡುತ್ತದೆ. ಮೊದಲ ತಟ್ಟೆಗೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಉಪ್ಪು ಕಾಯುತ್ತಲೇ ಹೋಗುವುದರಿಂದ ಮೂರನೆಯದಕ್ಕೆ ಹದಿನೇಳು ಸಾಕು. ಗಡಿಯಾರ ನೋಡುತ್ತ ಕೂತು ಕೊನೆಯ ಎರಡು ತಟ್ಟೆ ಸುಟ್ಟುಕೊಳ್ಳುವವರು ಇದನ್ನು ಮರೆತವರೇ.

ತಟ್ಟೆ ಎರಡಿರಲಿ. ಒಂದು ಬೇಯುವಾಗ ಇನ್ನೊಂದು ಆರಬೇಕು. ಬಿಸಿ ತಟ್ಟೆಗೆ ಉಂಡೆ ಇಟ್ಟರೆ ಡಬರಿ ಸೇರುವ ಮೊದಲೇ ತುಪ್ಪ ಕರಗಿ ಕೂತುಬಿಡುತ್ತದೆ. ಉಳಿದ ಉಂಡೆಗಳು ಅಷ್ಟು ಹೊತ್ತೂ ತಂಪಲ್ಲಿರಲಿ.

ಬೆಂದಿದೆಯೆಂದು ತಿಳಿಯುವುದು ಹೇಗೆ? ಮೇಲೆ ಬಣ್ಣ ಬರುವುದಿಲ್ಲ, ಬರಬಾರದು. ಅಂಚು ಮತ್ತು ತಳ ತಿಳಿ ಕಂದಾಗಿದ್ದರೆ ಮುಗಿಯಿತು. ಮುಟ್ಟಿದರೆ ಮೆತ್ತಗಿರುತ್ತದೆ. ಹಸಿ ಇದೆಯೆಂದು ಮತ್ತೆ ಇಡುವುದೇ ಸುಡುವ ದಾರಿ. ತಟ್ಟೆ ಹೊರತೆಗೆದು ಹತ್ತು ನಿಮಿಷ ಮುಟ್ಟದೆ ಬಿಡಿ, ಆರುತ್ತ ಆರುತ್ತ ಗರಿಗರಿಯಾಗುತ್ತದೆ.

ಮೊದಲ ತಟ್ಟೆಯನ್ನು ಪರೀಕ್ಷೆಯೆಂದೇ ತಿಳಿಯಿರಿ, ನಾಲ್ಕೇ ಉಂಡೆ ಇಟ್ಟರೂ ಸರಿ. ಹರಡಿದರೆ ಉಳಿದ ಹಿಟ್ಟನ್ನು ತಂಪಿಗಿಟ್ಟು ಡಬರಿಯನ್ನು ಇನ್ನಷ್ಟು ಕಾಯಿಸಿ. ತಳ ಸೀದರೆ ಸ್ಟ್ಯಾಂಡ್ ಎತ್ತರಿಸಿ. ಸಾಬೂನಿನ ರುಚಿ ಬಂದರೆ ಸೋಡಾ ಹೆಚ್ಚಾಗಿದೆ, ಹಾಗಾದಾಗ ಇನ್ನು ಮಾಡುವಂಥದ್ದೇನಿಲ್ಲ. ಅದಕ್ಕೇ ಅರ್ಧ ಚಮಚವೆಂದರೆ ಚಾಕುವಿನಿಂದ ಸವರಿದ ಅರ್ಧ ಚಮಚ, ಗೋಪುರವಲ್ಲ.

ಐವತ್ತಕ್ಕೂ ಸೇರಿ ಎರಡು ತಾಸು ಹಿಡಿಯುತ್ತದೆ. ಸಣ್ಣ ಬರ್ನರಿನಲ್ಲಿ ಸಣ್ಣ ಉರಿಗೆ ಹೋಗುವ ಗ್ಯಾಸು 14.2 ಕೆಜಿ ಸಿಲಿಂಡರಿನ ನೂರರಲ್ಲಿ ಒಂದು ಪಾಲಿನ ಆಸುಪಾಸು.

ಬೇಕರಿಯಲ್ಲಿ ಮಾಡಿಸುವುದಾದರೆ

ಐದು ಕೆಜಿ, ಹತ್ತು ಕೆಜಿ ಬೇಕಾದ ದೊಡ್ಡ ಸಂಸಾರಕ್ಕೆ ಡಬರಿ ಆಗದು. ಸಾಮಾನು ಒಯ್ದರೆ ಕೆಜಿಗಿಷ್ಟೆಂದು ಕೂಲಿ ಪಡೆದು ಭಟ್ಟಿಯಲ್ಲಿ ಬೇಯಿಸಿಕೊಡುವ ಬೇಕರಿಗಳುಂಟು. ಹಬ್ಬಕ್ಕೆ ಹತ್ತು ದಿನ ಮೊದಲೇ ಹೋಗಿ, ಕೊನೆಯ ವಾರದ ಗಡಿಬಿಡಿಯಲ್ಲಿ ಭಟ್ಟಿ ಅತಿಯಾಗಿ ಕಾದಿರುತ್ತದೆ. ಕೂಲಿ ಸಾಮಾನಿನ ತೂಕಕ್ಕೋ ಬೆಂದ ಬಿಸ್ಕತ್ತಿನ ತೂಕಕ್ಕೋ ಎಂದು ಮೊದಲೇ ಕೇಳಿ. ಬಿಸ್ಕತ್ತು ಉಬ್ಬಲೆಂದು ಬೇಕರಿಯವರು ಬಳಸುವ ಅಮೋನಿಯಾ ಪುಡಿ ಹಾಕುತ್ತೇವೆಂದರೆ ಬೇಡವೆನ್ನಿ. ಅದು ತೆಳು ಬಿಸ್ಕತ್ತಿಗೆ ಸರಿ, ದಪ್ಪನೆಯ ನಾನ್‌ಖಟಾಯಿಯಲ್ಲಿ ವಾಸನೆ ಉಳಿಯುತ್ತದೆ. ಕಲಸುವಾಗ ಎದುರಿಗೇ ನಿಂತಿರಿ, ನಿಮ್ಮ ತುಪ್ಪ ನಿಮ್ಮ ಹಿಟ್ಟಿಗೇ ಬೀಳಲಿ.

ಡಬ್ಬಿಗೆ

ಪೂರ್ತಿ ಆರದೆ ಮುಚ್ಚಿದರೆ ಸಂಜೆಗೇ ಮೆತ್ತಗಾಗುತ್ತದೆ. ಕನಿಷ್ಠ ಎರಡು ತಾಸು ಜಾಲರಿ ಬುಟ್ಟಿಯಲ್ಲಿ ಆರಲಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಮೈದಾದ್ದು ಮೂರು ವಾರ, ಜೋಳದ್ದು ಹತ್ತು ದಿನ. ಚಕ್ಕಲಿ ಡಬ್ಬಿಯಲ್ಲೇ ಮೂಲೆ ಮಾಡಿ ತುಂಬಬೇಡಿ, ಖಾರದ ವಾಸನೆ ಹಿಡಿಯುತ್ತದೆ. ಮೆತ್ತಗಾದವನ್ನು ಕಾದ ಡಬರಿಯಲ್ಲಿ ನಾಲ್ಕು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಯಾಗುತ್ತವೆ. ಡಬ್ಬಿಯ ತಳದ ಪುಡಿಯನ್ನು ಹುರಿದ ಶೇಂಗಾ ಪುಡಿ, ಬೆಲ್ಲದ ಜೊತೆ ಕಲಸಿ ಉಂಡೆ ಕಟ್ಟಿದರೆ ಮಕ್ಕಳ ಸಂಜೆಯ ತಿಂಡಿಗಾಗುತ್ತದೆ.