ಹಲಗಿ ಸದ್ದಿಗೆ ಹೆದರುವ ಮಕ್ಕಳ ಜೊತೆ ಹೋಳಿ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಹೋಳಿ ಒಂದು ದಿನದ ಹಬ್ಬ ಅಲ್ಲ. ಹುಣ್ಣಿಮೆಗೆ ಮೊದಲೇ ಓಣಿ ಹುಡುಗರ ಕೈಗೆ ಹಲಗಿ ಎಂಬ ಚರ್ಮವಾದ್ಯ ಬಂದಿರುತ್ತದೆ. ಕಾಮಣ್ಣನನ್ನು ಕೂರಿಸುವುದು, ಬಾಯಿ ಬಡಿದುಕೊಂಡು ಲಬೋ ಲಬೋ ಅನ್ನುವುದು, ಕಾಮದಹನದ ಬೆಂಕಿ ಹೊಗೆ, ಕೊನೆಗೆ ರಂಗಪಂಚಮಿಯ ಬಣ್ಣ. ಆಟಿಸಂ ಇರುವ ಮಕ್ಕಳಿಗೆ ಕಲಿಸುವ ನನಗೆ ಈ ದಿನಗಳಲ್ಲಿ ತಾಯಂದಿರ ಫೋನ್ ಜಾಸ್ತಿ. "ಟೀಚರ್, ಹಬ್ಬ ಮುಗಿಯೂತನಕಾ ಇವನ್ನ ಕರ್ಕೊಂಡು ತವರುಮನಿಗೆ ಹೋಗಿಬಿಡ್ತೇನ್ರಿ" ಅನ್ನುತ್ತಾರೆ. ಕೆಲವು ಮಕ್ಕಳಿಗೆ ಅದೇ ಸರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಪ್ರತಿ ವರ್ಷ ಊರು ಬಿಟ್ಟು ಹೋಗಲು ಎಲ್ಲರಿಗೂ ಆಗುತ್ತಾ?

ಈ ಮಕ್ಕಳು ಸದ್ದಿಗೆ ಹೆದರುವುದನ್ನು ಮನೆಯ ಹಿರಿಯರು ಹಠ ಅನ್ನುತ್ತಾರೆ. ಹಠ ಅಲ್ಲ. ಸದ್ದು, ಬೆಳಕು, ಸ್ಪರ್ಶ ಕೆಲವರಿಗೆ ವಿಪರೀತ ಅನಿಸುತ್ತದೆ, ಕೆಲವರಿಗೆ ತಟ್ಟುವುದೇ ಇಲ್ಲ. ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರಲ್ಲಿ ಬಂದ ಡಿಎಸ್ಎಂ-5, ಇದನ್ನೂ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ಇನ್ನೊಂದು ಮಾತು, ಇಷ್ಟು ದಿನ ಇಲ್ಲದ್ದು ಮಗು ಏಕಾಏಕಿ ಕಿವಿ ಮುಚ್ಚಲು ಶುರು ಮಾಡಿದರೆ ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಮಾತು ಬರದ ಮಗು ಕಿವಿನೋವನ್ನು ಹೇಳುವ ರೀತಿಯೂ ಅದೇ ಇರಬಹುದು.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮಾತು ತುಂಬಾ ಕಡಿಮೆ, ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದು ಕೇಳುತ್ತಿದ್ದ. ಹಲಗಿ ಕೇಳಿದರೆ ಮಂಚದ ಕೆಳಗೆ ಸೇರಿಕೊಂಡು ಕೈ ಕಚ್ಚಿಕೊಳ್ಳುತ್ತಿದ್ದ. ಅವನನ್ನು ನೋಡುತ್ತಾ ನನಗೆ ಅನಿಸಿದ್ದು, ಸದ್ದಿನ ಜೋರಿಗಿಂತ ಅದು ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಗೊತ್ತಿಲ್ಲದ್ದೇ ಅವನಿಗೆ ದೊಡ್ಡ ಕಷ್ಟ. ಹಾಗಾಗಿ ಸಹಿಸುವುದನ್ನು ಕಲಿಸುವ ಬದಲು ನಿಲ್ಲಿಸುವ ಅಧಿಕಾರ ಅವನ ಕೈಗೆ ಕೊಡೋಣ ಅಂದುಕೊಂಡೆ.

ಶಿವರಾತ್ರಿ ಮುಗಿದ ಮೇಲೆ ಶುರು ಮಾಡಿದೆವು. ಹೋಳಿ ಹಬ್ಬಕ್ಕೆ ಹದಿನೈದು ದಿನ ಸಿಗುತ್ತದೆ. ಹಲಗಿ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಇಟ್ಟು, ಮೊಬೈಲ್ ಅವನ ಕೈಗೇ ಕೊಟ್ಟೆ. ಜೋರು ಮಾಡುವುದು, ಬಂದ್ ಮಾಡುವುದು ಎಲ್ಲಾ ಅವನೇ. ನಾವು ಯಾರೂ ಮುಟ್ಟುವಂತಿಲ್ಲ. ಮೊದಮೊದಲು ಹಚ್ಚಿದ ಕೂಡಲೇ ಬಂದ್ ಮಾಡುತ್ತಿದ್ದ, ಮಾಡಲಿ ಬಿಡಿ, ಅದಕ್ಕೇ ಅಲ್ವಾ ಕೊಟ್ಟಿದ್ದು. ಗೋಡೆಗೆ ಚಿತ್ರದ ಕ್ಯಾಲೆಂಡರ್ ಹಚ್ಚಿದೆವು: ಇವತ್ತು ಕಾಮಣ್ಣ, ಇವತ್ತು ಬೆಂಕಿ, ಇವತ್ತು ಬಣ್ಣ, ಆಮೇಲೆ ಸ್ಕೂಲು. ಮುಗಿದ ದಿನಕ್ಕೆ ಅವನೇ ಗೀಟು ಹಾಕುತ್ತಿದ್ದ.

ನಂತರ ನಿಜವಾದ ಹಲಗಿ. ಓಣಿಯ ಹುಡುಗರನ್ನು ಕರೆದು, ಇವನು ಕೈ ಎತ್ತಿದರೆ ನೀವು ತಟ್ಟನೆ ನಿಲ್ಲಿಸಬೇಕು ಅಂದೆ. ಒಂದೇ ಹಲಗಿ, ಬಯಲಿನ ಆ ತುದಿಯಲ್ಲಿ, ಇವನು ಈ ತುದಿಯಲ್ಲಿ ಅಮ್ಮನ ಪಕ್ಕ. ಎರಡು ಪೆಟ್ಟು ಬೀಳುತ್ತಲೇ ಕೈ ಎತ್ತಿದ, ನಿಂತಿತು. ಇಳಿಸಿದ, ಶುರುವಾಯಿತು. ಮತ್ತೆ ಎತ್ತಿದ. ಅವರೆಲ್ಲ ತನ್ನ ಕೈ ನೋಡುತ್ತಾ ಕಾಯುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಅವನಿಗೆ ಎಷ್ಟು ಖುಷಿ ಅಂದರೆ, ಸಂಜೆ ತನಕ ಅದೇ ಆಟ, ಹಲಗಿ ಬಾರಿಸುವ ಹುಡುಗರಿಗೂ ಅದೇ ಬೇಕು. ಕೊನೆಗೆ ತಾನೇ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. ನಾವು ಯಾರೂ ದೂಡಿರಲಿಲ್ಲ.

"ಎದುರಿಗೇ ನಾಕ ಸಲ ಜೋರಾಗಿ ಬಾರಿಸ್ರಿ, ತಾನ ರೂಢಿ ಆಕ್ಕೈತಿ" ಅನ್ನುವವರು ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಭಯ ಹೆಚ್ಚುತ್ತದೆ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಬಣ್ಣದ್ದು ಬೇರೆ ಕಥೆ. ಅವನಿಗೆ ಒದ್ದೆ ಬಟ್ಟೆ ಮೈಗಂಟಿದರೆ ಆಗುವುದಿಲ್ಲ. ಒಣ ಬಣ್ಣ ತಟ್ಟೆಯಲ್ಲಿಟ್ಟು ಚಮಚ ಕೊಟ್ಟೆವು. ಮುಖಕ್ಕೆ ಯಾರೂ ಹಚ್ಚಬಾರದು ಎಂದು ಪಕ್ಕದ ಮನೆಗಳಿಗೆ ಮುಂಚೆಯೇ ಹೇಳಿದ್ದೆವು. ಬದಲಿ ಬಟ್ಟೆ ಬಾಗಿಲ ಹತ್ತಿರವೇ ಇತ್ತು.

ಸದ್ದು ತಡೆಯುವ ಹೆಡ್‌ಫೋನ್ ಒಳ್ಳೆಯದೇ, ಮೆರವಣಿಗೆ ಬಂದಾಗ ಹಾಕಿ. ದಿನವಿಡೀ ಹಾಕಿದರೆ ಸಣ್ಣ ಸದ್ದೂ ತಡೆಯದ ಹಾಗೆ ಆಗಬಹುದು. ಮನೆಯಲ್ಲಿ ರಸ್ತೆಯಿಂದ ದೂರದ ಕೋಣೆಯೊಂದನ್ನು ಮಗುವಿಗೆ ಎಂದೇ ಇಡಿ. ಕೈಮೀರಿ ಹೋದರೆ ಬುದ್ಧಿ ಹೇಳಲು ಹೋಗಬೇಡಿ, ಆ ಹೊತ್ತಿಗೆ ನಿಮ್ಮ ಮಾತೂ ಒಂದು ಸದ್ದೇ. ಜನರನ್ನು ದೂರ ಕಳಿಸಿ, ಲೈಟ್ ಆರಿಸಿ, ತಲೆ ಗೋಡೆಗೆ ಬಡಿಯದಂತೆ ದಿಂಬು ಇಟ್ಟು ಸುಮ್ನೆ ಹತ್ತಿರ ಕೂತಿರಿ.

ಆ ವರ್ಷ ರಂಗಪಂಚಮಿಗೆ ಅವನು ಸ್ವಲ್ಪ ಹೊತ್ತು ಹೊರಗಿದ್ದು, ಕೋಣೆಯ ಚಿತ್ರ ತೋರಿಸಿ ಒಳಗೆ ಹೋದ. ನನಗೆ ಬೇಕಾಗಿದ್ದು ಇದೇ, ಎಲ್ಲರ ಜೊತೆ ಕುಣಿಯಲಿ ಎಂದಲ್ಲ. ಸಾಕು ಅನಿಸಿದ್ದನ್ನು ಕೈ ಕಚ್ಚಿಕೊಳ್ಳದೆ ಹೇಳಿದ, ಮನೆಯವರೂ ಇನ್ನೊಂದು ಸ್ವಲ್ಪ ಇರು ಅನ್ನದೆ ಬಿಟ್ಟರು. ಈ ಎರಡನೆಯದನ್ನು ಕಲಿಸಲು ನನಗೆ ಜಾಸ್ತಿ ಹೊತ್ತು ಹಿಡಿಯಿತು.