ಮುನಿಸಿಗೆ ಕಾರ್ಡ್ ಇರಲಿಲ್ಲ: ತಾಂಡಾ ಅಂಗನವಾಡಿಗಳಲ್ಲಿ ನನ್ನ ಅನುಭವ

ಯಾದಗಿರಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಅಂಗನವಾಡಿ ಟೀಚರ್‌ಗಳಿಗೆ ಮಕ್ಕಳ ಸಿಟ್ಟು, ಅಳು, ಹೆದರಿಕೆ ಬಗ್ಗೆ ತರಬೇತಿ ಕೊಡುತ್ತೇನೆ ಅಂದಾಗ ನಂಬಿದವರು ಕಡಿಮೆ. "ಅಡುಗೆ, ತೂಕ, ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬೋದರ ಮಧ್ಯೆ ಇದಕ್ಕೆ ಟೈಮ್ ಎಲ್ಲಿದೆ ಮೇಡಂ?" ಅಂದರು ಒಬ್ಬ ಮೇಲ್ವಿಚಾರಕಿ.

ಮೊದಲ ವರ್ಷ ಅವರ ಮಾತೇ ನಿಜವಾಯಿತು. 30 ಟೀಚರ್, 2 ದಿನ, ಹಾಲ್ ಬಾಡಿಗೆ, ಊಟ, ಒಂದೊಂದು ಭಾವನೆಗೆ ಒಂದರಂತೆ ಲ್ಯಾಮಿನೇಟ್ ಮಾಡಿಸಿದ ಹಳದಿ ಮುಖದ ಕಾರ್ಡ್ ಎಲ್ಲ ಸೇರಿ ಸುಮಾರು 22,000 ರೂಪಾಯಿ ಹೋಯಿತು. ಆಶ್ಚರ್ಯದ ಮುಖ ನೋಡಿ ನಾಲ್ಕೈದು ಟೀಚರ್ "ಹಾಡ್ತಾ ಇದೆ" ಅಂದರು. ಮುನಿಸಿಗಂತೂ ಕಾರ್ಡೇ ಇರಲಿಲ್ಲ. ಮುನಿಸಿಕೊಂಡ ಮಗು ಅಳುವುದಿಲ್ಲ, ಕಿರುಚುವುದಿಲ್ಲ, ಬೆನ್ನು ತಿರುಗಿಸಿ ಕೂತು ಯಾರಾದರೂ ಬಂದು ರಮಿಸಲಿ ಅಂತ ಕಾಯುತ್ತದೆ, ಅಲ್ವಾ? ಸಮಾಧಾನದ ಮೂಲೆ ಅಂತ ಚಾಪೆ ಹಾಸಿಸಿದ್ದೆ. ಆಹಾರದ ಮೂಟೆಗಳ ಪಕ್ಕದ ಆ ಜಾಗ ಒಂದೇ ವಾರದಲ್ಲಿ ಶಿಕ್ಷೆಯ ಮೂಲೆ ಆಯಿತು.

ಎರಡನೇ ವರ್ಷ ಹಾಲ್ ಬಿಟ್ಟೆ, ಕಾರ್ಡ್ ಬಿಟ್ಟೆ. ಚಿಕ್ಕ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನಲ್ಲಿ ಮನೆಮಾತಿನ ಬಗ್ಗೆ ಇರುವುದನ್ನು ತೋರಿಸಿ, ಒಬ್ಬ ಮೇಲ್ವಿಚಾರಕಿಯ ಕೆಳಗಿನ ಅಂಗನವಾಡಿಗಳೆಲ್ಲ ಸೇರುವ ತಿಂಗಳ ವೃತ್ತ ಸಭೆಯಲ್ಲಿ ಅರ್ಧ ಗಂಟೆ ಕೇಳಿ ಪಡೆದೆ. ಟೀಚರ್‌ಗಳಿಗೆ ಒಂದೇ ಪ್ರಶ್ನೆ ಹಾಕಿದೆ. ನೀವು ಚಿಕ್ಕವರಿದ್ದಾಗ ಮುನಿಸಿಕೊಂಡರೆ ಯಾರು, ಹೇಗೆ ರಮಿಸುತ್ತಿದ್ದರು? ಅರ್ಧ ಗಂಟೆ ಸಾಲಲಿಲ್ಲ, ಕಣ್ಣೀರೂ ಬಂತು. ಹೊಟ್ಟೆ ಉರಿ, ಎದೆ ಡವಡವ, ಗಂಟಲು ಕಟ್ಟೋದು, ಕಾಲು ನಡುಕ ಅಂತ ಮೈ ಮೇಲೆ ತೋರಿಸಬಹುದಾದ ಮಾತುಗಳೆಲ್ಲ ಅಲ್ಲಿಂದಲೇ ಸಿಕ್ಕವು. ಮಕ್ಕಳು ಈಗ ಕೈ ಇಟ್ಟು ತೋರಿಸುತ್ತಾರೆ. ಲಂಬಾಣಿ ಮನೆಮಾತಾದ ಗೋರಬೋಲಿಯ ಮಾತುಗಳನ್ನು ಟೀಚರ್‌ಗಳು ಅಜ್ಜಿಯರನ್ನು ಕೇಳಿ ಕನ್ನಡ ಅಕ್ಷರದಲ್ಲಿ ಚಾರ್ಟ್‌ಗೆ ಬರೆದರು.

ನಿಜವಾದ ಪರೀಕ್ಷೆ ದೀಪಾವಳಿ ಆದ ಮೇಲೆ. ಅಪ್ಪ ಅಮ್ಮ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ, ಮಗು ಅಜ್ಜಿ ಹತ್ತಿರ ಉಳಿಯುತ್ತದೆ. ಆಮೇಲೆ ಪಕ್ಕದ ಮಗುವನ್ನು ಕಚ್ಚುತ್ತದೆ. ಮುಂಚೆ ಇಂಥ ಮಗುವಿಗೆ ಹಟಮಾರಿ ಅಂತ ಹೆಸರಿಡುತ್ತಿದ್ದರು. ಈಗ ಟೀಚರ್ ಮಡಿಲಲ್ಲಿ ಕೂರಿಸಿಕೊಂಡು, "ಯಾಡಿ ನೆನಪಾದಳಾ, ಎಲ್ಲಿ ನೋಯ್ತಿದೆ?" ಅಂತ ಕೇಳುತ್ತಾರೆ. ಯಾಡಿ ಅಂದರೆ ಗೋರಬೋಲಿಯಲ್ಲಿ ಅಮ್ಮ. ಒಂದು ಕೇಂದ್ರದಲ್ಲಿ ವಾರಕ್ಕೆ ಐದಾರು ಸಲ ಇದ್ದ ಕಚ್ಚಾಟ ಎರಡು ತಿಂಗಳಲ್ಲಿ ಒಂದಕ್ಕೆ ಇಳಿಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ತಾಯಂದಿರಿಂದ ವಾಟ್ಸಾಪ್‌ನಲ್ಲಿ ದನಿ ತರಿಸಿ ಬೆಳಿಗ್ಗೆ ಕೇಳಿಸಿದೆವು, ಇಡೀ ಕೋಣೆ ಅತ್ತಿತು. ಊಟ ಆದ ಮೇಲೆ ಮಲಗುವ ಹೊತ್ತಿಗೆ ಬದಲಿಸಿದ ಮೇಲೆ ಹೆಚ್ಚಿನ ಮಕ್ಕಳು ಅದನ್ನೇ ಕೇಳುತ್ತಾ ನಿದ್ದೆ ಹೋದರು. ಒಬ್ಬಳಿಗೆ ಮಾತ್ರ ಕೊನೆಯವರೆಗೂ ಆಗಲಿಲ್ಲ, ಅವಳಿಗೆ ನಿಲ್ಲಿಸಿದೆವು.

ಎಂಟು ತಿಂಗಳ ಖರ್ಚು 4,000ದ ಆಸುಪಾಸು. ಚಹಾ, ಮಂಡಕ್ಕಿ, ಚಾರ್ಟ್, ನನ್ನ ಬಸ್ ಚಾರ್ಜ್, ಅಷ್ಟೇ. 30ರಲ್ಲಿ 22 ಜನ ಈಗಲೂ ಮಾಡುತ್ತಿದ್ದಾರೆ, ಇಷ್ಟು ಕಡಿಮೆ ದುಡ್ಡಲ್ಲಿ ಇಷ್ಟು ಉಳಿದ ತರಬೇತಿ ನಾನಂತೂ ಬೇರೆ ನೋಡಿಲ್ಲ. ಮುನಿಸಿದ ಮಗುವಿನ ಹತ್ತಿರ ಟೀಚರ್ ಎಲ್ಲಿ ಕೂರಬೇಕು, ಮೊದಲು ಏನು ಹೇಳಬೇಕು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎದುರು ಕೂತು ಮಾಡಿ ತೋರಿಸಿದರೇ ಬರುತ್ತದೆ.

ಅದೇ ಮೇಲ್ವಿಚಾರಕಿ ಈಗ ಪಕ್ಕದ ವೃತ್ತಕ್ಕೂ ಬನ್ನಿ ಅಂದಿದ್ದಾರೆ. ಈ ಸಲ ಗುಳೆ ಹೋಗುವ ಮುಂಚೆಯೇ ತಾಯಂದಿರನ್ನು, ಅಜ್ಜಿಯರನ್ನು ಒಟ್ಟಿಗೆ ಕೂರಿಸುತ್ತೇನೆ.